ಟೆಸ್ಟಲ್ಲಿ 98, ಕೆಲಸಕ್ಕೆ ಕೂತ್ರೆ 50: ಬ್ರಾಡ್‌ಬ್ಯಾಂಡ್ ಬೂಸ್ಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ರೂಟರ್ ಮನೆಯಲ್ಲಿ ಎಲ್ಲಿಡ್ಬೇಕು ಅಂತ ಬರೆದಿದ್ದೆ. ಅದನ್ನ ಓದಿ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬೇರೆಯದೇ ವಿಷಯ. ಟೆಸ್ಟ್ ಮಾಡಿದ್ರೆ ಸ್ಪೀಡ್ ಜೋರಾಗಿ ತೋರಿಸತ್ತೆ, ಕೆಲಸಕ್ಕೆ ಕೂತ್ರೆ ಅಷ್ಟು ಇರಲ್ಲ, ಯಾಕೆ? ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರ ಯಲ್ಲಾಪುರ, ಎಲ್ಲಾ ಕಡೆಯಿಂದ ಇದೇ ಬಂದಿದೆ. ಹಾಗಾಗಿ ಈ ಸಲದ ಪೂರ್ತಿ ಜಾಗ ಇದಕ್ಕೇ ಇಟ್ಟಿದ್ದೀನಿ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನಮ್ಮದು ಶಿರಸಿ ಹತ್ರದ ಹಳ್ಳಿ, ಅಡಿಕೆ ತೋಟ. ಮಗ ಬೆಂಗಳೂರಿನ ಕಂಪನಿ ಕೆಲಸ ಮನೆಯಿಂದ್ಲೇ ಮಾಡ್ತಾನೆ ಅಂತ ಫೈಬರ್ ಹಾಕಿಸಿದ್ವಿ, 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ಪ್ಲಾನ್. ಹಾಕೋಕೆ ಬಂದ ಹುಡುಗ ಮೊಬೈಲಲ್ಲಿ ಟೆಸ್ಟ್ ಮಾಡಿ ತೋರಿಸ್ದ, 98 ಬಂತು. ಈಗ ಮಗ ದೊಡ್ಡ ಫೈಲ್ ಇಳಿಸಿಕೊಳ್ಳೋಕೆ ಕೂತ್ರೆ ಮೊದ್ಲು ಕಾಲು ನಿಮಿಷ ಹಾರ್ಕೊಂಡು ಹೋಗತ್ತೆ, ಆಮೇಲೆ ಅರ್ಧಕ್ಕೆ ಇಳಿದು ಅಲ್ಲೇ ನಿಂತ್ಬಿಡತ್ತೆ. ಕೇಬಲ್‌ನೋರಿಗೆ ಕೇಳಿದ್ರೆ ನಿಮ್ಮ ಪ್ಲಾನೇ 50 ಅಲ್ವಾ ಅಂತಾರೆ. ಹಾಗಾದ್ರೆ 98 ಎಲ್ಲಿಂದ ಬಂತು? ಇದ್ರಲ್ಲಿ ಮೋಸ ಏನಾದ್ರೂ ಇದ್ಯಾ?

ಉತ್ತರ: ಲೈನಲ್ಲಿ ಮೋಸ ಇಲ್ಲ ಮಾರಾಯ್ರೆ. ನೀವು ದುಡ್ಡು ಕೊಟ್ಟಿದ್ದು 50ಕ್ಕೆ, ಸಿಗ್ತಿರೋದೂ 50. ಆ 98 ಅನ್ನೋದು ಬೂಸ್ಟ್, ಅಂದ್ರೆ ಶುರುವಲ್ಲಿ ಸ್ವಲ್ಪ ಹೊತ್ತು ಮಾತ್ರ ಸಿಗೋ ಜೋರು ಸ್ಪೀಡು. ಅದನ್ನ ನಿಮಗೆ ಬಿಡಿಸಿ ಹೇಳದೆ ಹೋಗಿದ್ದು ಮಾತ್ರ ತಪ್ಪು.

ನಿಮ್ಮನೆಗೆ ಗುಡ್ಡದ ಅಬ್ಬಿ ನೀರು ಬರ್ತಿದ್ರೆ ಇದು ಥಟ್ ಅಂತ ತಿಳಿಯತ್ತೆ. ಅಬ್ಬಿಯಿಂದ ಬರೋ ಪೈಪು ಸಣ್ಣದು, ಹಗಲೂ ರಾತ್ರಿ ಒಂದೇ ಸಮ ಸುರೀತಾ ಇರತ್ತೆ, ಹಿಂದೆ ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಬರ್ತಿತ್ತು, ಈಗ ಕಪ್ಪು ಪೈಪು, ಅಷ್ಟೇ ವ್ಯತ್ಯಾಸ. ಅದು ಬಂದು ಬೀಳೋದು ಮನೆ ಹಿಂದಿನ ಟಾಂಕಿಗೆ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದ್ರೆ ರಾತ್ರಿಯಿಡೀ ತುಂಬಿದ ನೀರು ಧೋ ಅಂತ ಬರತ್ತೆ, ಎರಡು ಕೊಡಪಾನ ತುಂಬಿದ್ದು ಗೊತ್ತೇ ಆಗಲ್ಲ. ಅದೇ ನಲ್ಲಿ ನಿಲ್ಲಿಸದೆ ತೋಟಕ್ಕೆ ಬಿಟ್ಟು ಕೂತ್ರೆ? ಟಾಂಕಿ ತಳ ಕಾಣತ್ತೆ, ಆಮೇಲೆ ಅಬ್ಬಿಯಿಂದ ಎಷ್ಟು ಬರತ್ತೋ ನಲ್ಲಿಯಲ್ಲೂ ಅಷ್ಟೇ. ಮತ್ತೆ ಜೋರು ನೀರು ಬೇಕು ಅಂದ್ರೆ ನಲ್ಲಿ ನಿಲ್ಲಿಸಿ ಟಾಂಕಿ ತುಂಬೋಕೆ ಬಿಡ್ಬೇಕು.

ನೆಟ್ಟಲ್ಲೂ ಹೀಗೇ. ಅಬ್ಬಿ ಅಂದ್ರೆ ನಿಮ್ಮ ಪ್ಲಾನಿನ 50. ಟಾಂಕಿ ಅಂದ್ರೆ ಆಪರೇಟರ್ ಮಷಿನಲ್ಲಿ ನಿಮ್ಮ ಹೆಸರಲ್ಲಿ ಇಟ್ಟಿರೋ ಒಂದು ಲೆಕ್ಕ. ನೀವು ನೆಟ್ ಬಳಸದೆ ಇದ್ದಾಗ ಆ ಲೆಕ್ಕ ತುಂಬತ್ತೆ, ಬಳಸಿದ ಹಾಗೆ ಖಾಲಿ ಆಗತ್ತೆ. ನೆಟ್‌ವರ್ಕ್ ಕೆಲಸದವರು ಇದಕ್ಕೆ ಟೋಕನ್ ಬಕೆಟ್ ಅಂತಾರೆ. ಎಷ್ಟು ದೊಡ್ಡ ಬಕೆಟ್, ಎಷ್ಟು ಬೇಗ ತುಂಬ್ಬೇಕು, ನಲ್ಲಿ ಎಷ್ಟು ಅಗಲ, ಈ ಮೂರು ನಂಬರ್ ಇಟ್ರೆ ಬೂಸ್ಟ್ ತಯಾರು. ಡೇಟಾ ನಿಜವಾಗಿ ಎಲ್ಲೂ ಕೂಡಿಟ್ಟಿರಲ್ಲ ಅನ್ನೋದು ನೆನಪಿರ್ಲಿ, ಕೂಡಿರೋದು ಜೋರಾಗಿ ಎಳ್ಕೊಳ್ಳೋಕೆ ಪರವಾನಗಿ ಮಾತ್ರ.

ನಮ್ಮ ಕಡೆ ಸಣ್ಣ ಆಪರೇಟರ್‌ಗಳ ಹತ್ರ ಜಾಸ್ತಿ ಕಾಣೋದು ಲಾಟ್ವಿಯಾ ದೇಶದ ಮೈಕ್ರೋಟಿಕ್ ರೂಟರು. ಅದ್ರಲ್ಲಿ ಲೆಕ್ಕ ಸ್ವಲ್ಪ ಬೇರೆ ಥರ, ಬಕೆಟ್ ಬದಲು ಸರಾಸರಿ ನೋಡತ್ತೆ. ಒಬ್ಬ ಗಿರಾಕಿಗೆ ನಾಲ್ಕು ನಂಬರ್ ಹಾಕ್ತಾರೆ. ನಿಮ್ಮಂಥ ಪ್ಲಾನಿಗೆ ಉದಾಹರಣೆಗೆ ಹೀಗಿರಬಹುದು: ಮಾಮೂಲಿ ಮಿತಿ 50, ಬೂಸ್ಟ್ ಮಿತಿ 100, ಗಡಿ 40, ಸಮಯ 40 ಸೆಕೆಂಡ್. ಮಷಿನ್ ಹಿಂದಿನ 40 ಸೆಕೆಂಡಿನ ನಿಮ್ಮ ಸರಾಸರಿ ಬಳಕೆ ನೋಡ್ತಾ ಇರತ್ತೆ, ಸರಾಸರಿ 40ರ ಕೆಳಗೆ ಇದ್ದಷ್ಟು ಹೊತ್ತು 100ರವರೆಗೆ ಬಿಡತ್ತೆ, 40 ಮುಟ್ಟಿದ ಕೂಡ್ಲೆ 50ಕ್ಕೆ ಇಳಿಸತ್ತೆ. ಸುಮ್ನೆ ಇದ್ದ ಲೈನಲ್ಲಿ ಒಮ್ಮೆಲೇ 100ರಲ್ಲಿ ಎಳೆಯೋಕೆ ಶುರು ಮಾಡಿದ್ರೆ ಸರಾಸರಿ 40 ಮುಟ್ಟೋಕೆ ಎಷ್ಟು ಹೊತ್ತು? 40ನ್ನ 40ರಿಂದ ಗುಣಿಸಿ 100ರಿಂದ ಭಾಗಿಸಿ, 16 ಸೆಕೆಂಡ್. ನಿಮ್ಮ ಮಗ ನೋಡಿದ ಕಾಲು ನಿಮಿಷ ಇದೇ. ಸ್ಪೀಡ್ ಟೆಸ್ಟ್ ಮುಗಿಯೋಕೆ ಸಾಮಾನ್ಯವಾಗಿ 10ರಿಂದ 15 ಸೆಕೆಂಡ್ ಸಾಕು. ಅಂದ್ರೆ ಟಾಂಕಿ ಖಾಲಿ ಆಗೋದ್ರೊಳಗೆ ಟೆಸ್ಟ್ ಮುಗ್ದಿರತ್ತೆ, ಅದು ಅಳೆದಿದ್ದು ಟಾಂಕಿಯ ನೀರು, ಅಬ್ಬಿ ನೀರಲ್ಲ.

ಇದು ನಮ್ಮೂರಿನವರು ಕಂಡುಹಿಡಿದಿದ್ದೇನಲ್ಲ. ಅಮೆರಿಕದ ಕಾಮ್‌ಕಾಸ್ಟ್ ಅನ್ನೋ ಕೇಬಲ್ ಕಂಪನಿ 2006ರಲ್ಲಿ ಪವರ್‌ಬೂಸ್ಟ್ ಅಂತ ಹೆಸರಿಟ್ಟು ಇದನ್ನ ಶುರು ಮಾಡ್ತು, ಡೌನ್‌ಲೋಡಿನ ಮೊದಲ 10 ಎಂಬಿ, ಅಪ್‌ಲೋಡಿನ ಮೊದಲ 5 ಎಂಬಿ ಜೋರಾಗಿ ಹೋಗತ್ತೆ, ಅದೂ ಲೈನಲ್ಲಿ ಜಾಗ ಖಾಲಿ ಇದ್ರೆ ಅಂತ ಹೇಳಿಯೇ ಮಾರಿದ್ರು. ಕೇಬಲ್ ಮೋಡೆಮ್‌ಗಳ ನಿಯಮದಲ್ಲೇ ನಿರಂತರ ಸ್ಪೀಡಿಗೆ ಒಂದು ನಂಬರು, ಒಮ್ಮೆಗೆ ಬಿಡೋ ಡೇಟಾಕ್ಕೆ ಇನ್ನೊಂದು ನಂಬರು ಅಂತ ಬೇರೆ ಬೇರೆ ಇದೆ.

ಹಾಗಾದ್ರೆ ಬೂಸ್ಟಿಂದ ಉಪಯೋಗ ಇದ್ಯಾ ಅಂದ್ರೆ, ಖಂಡಿತ ಇದೆ, ಆದ್ರೆ ಸಣ್ಣ ಕೆಲಸಕ್ಕೆ. 60 ಎಂಬಿ (ಅಂದ್ರೆ 480 ಮೆಗಾಬಿಟ್) ಇರೋ ಒಂದು ಆ್ಯಪ್ ಇಳಿಸಿಕೊಂಡ್ರೆ 50ರಲ್ಲಿ ಹತ್ತಿರ ಹತ್ತಿರ 10 ಸೆಕೆಂಡ್, 100ರಲ್ಲಿ 5 ಸೆಕೆಂಡ್. ಅರ್ಧ ಸಮಯ ಉಳೀತು. ಅದೇ ನಿಮ್ಮ ಮಗನ 5 ಜಿಬಿ ಫೈಲ್ ಆದ್ರೆ 50ರಲ್ಲಿ 13 ನಿಮಿಷ 20 ಸೆಕೆಂಡ್ ಬೇಕು, ಬೂಸ್ಟ್ ಇದ್ರೆ ಅದ್ರಲ್ಲಿ ಉಳಿಯೋದು ಬರೇ 16 ಸೆಕೆಂಡ್. ವೆಬ್ ಪೇಜು, ವಾಟ್ಸಾಪ್ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಇವೆಲ್ಲ ಪಟ್ ಅಂತ ಬರ್ಬೇಕು, ಬರತ್ತೆ. ಯೂಟ್ಯೂಬ್ ಥರದ ವಿಡಿಯೋ ಕೂಡ ತುಂಡು ತುಂಡಾಗಿ ಬರೋದು, ಮುಂದಿನ ಸ್ವಲ್ಪ ಭಾಗ ಒಮ್ಮೆಲೇ ಎಳ್ಕೊಂಡು ಸುಮ್ನಾಗತ್ತೆ, ಆಮೇಲೆ ಮತ್ತೆ ಎಳೆಯತ್ತೆ, ಆ ಸುಮ್ನಿರೋ ಹೊತ್ತಲ್ಲಿ ಟಾಂಕಿ ತುಂಬತ್ತೆ. ಹಾಗಾಗಿ ಮನೆಯಲ್ಲಿ ಬೇರೆ ಎಲ್ರಿಗೂ ನೆಟ್ ಭಾರೀ ಫಾಸ್ಟು ಅನ್ನಿಸಿ, ದೊಡ್ಡ ಫೈಲಿನ ಕೆಲಸ ಇರೋ ಮಗನಿಗೊಬ್ಬನಿಗೇ ನಿಧಾನ ಅನ್ನಿಸಿದ್ರೆ ಆಶ್ಚರ್ಯ ಇಲ್ಲ, ಇಬ್ರು ಹೇಳೋದೂ ಖರೆ. ಅವನಿಗೆ ದಿನಾ ಇಂಥ ಫೈಲ್ ಇದ್ರೆ 100ರ ಪ್ಲಾನಿಗೆ ಹೋಗೋದೇ ಸರಿ, ಬೂಸ್ಟ್ ನಂಬ್ಕೊಂಡು ಕೂರೋದು ಬೇಡ.

ಪ್ರಶ್ನೆ: ನಾನು ಅಂಕೋಲಾ ಕಡೆ ಪ್ರಾಥಮಿಕ ಶಾಲೆ ಶಿಕ್ಷಕಿ. ಮನೆಯಲ್ಲಿ 100ರ ಪ್ಲಾನ್ ಇದೆ, ಬೂಸ್ಟ್ ಗೀಸ್ಟ್ ಏನೂ ಇಲ್ಲ ಅಂದಿದ್ದಾರೆ. ತರಬೇತಿ ವಿಡಿಯೋ ಇಳಿಸಿಕೊಳ್ಳುವಾಗ ಕಂಪ್ಯೂಟರಲ್ಲಿ 11, 12 ಅಂತ ಮಾತ್ರ ತೋರಿಸತ್ತೆ. ಉಳಿದ 88 ಎಲ್ಲಿ ಹೋಯ್ತು?

ಉತ್ತರ: ಎಲ್ಲೂ ಹೋಗಿಲ್ಲ ಅಕ್ಕೋರೆ. ಪ್ಲಾನ್ ಹೇಳೋದು ಮೆಗಾಬಿಟ್ಟಲ್ಲಿ, ಕಂಪ್ಯೂಟರ್ ತೋರಿಸೋದು ಮೆಗಾಬೈಟಲ್ಲಿ. 8 ಬಿಟ್ಟಿಗೆ 1 ಬೈಟು. 100ನ್ನ 8ರಿಂದ ಭಾಗಿಸಿದ್ರೆ 12.5, ಅದ್ರಲ್ಲಿ ಸ್ವಲ್ಪ ಡೇಟಾದ ಮೇಲಿನ ವಿಳಾಸ, ಲೆಕ್ಕಪತ್ರಕ್ಕೆ ಹೋಗತ್ತೆ, ಉಳಿಯೋದು 11 ಚಿಲ್ಲರೆ. ನಿಮ್ಮ ಲೈನ್ ಸರಿಯಾಗೇ ಇದೆ. ಮಕ್ಕಳಿಗೆ ಗುಣಾಕಾರ ಭಾಗಾಕಾರ ಹೇಳ್ಕೊಡುವಾಗ ಇದನ್ನೇ ಒಂದು ಲೆಕ್ಕ ಮಾಡಿ ಕೊಡಬಹುದು, ಈಗಿನ ಮಕ್ಕಳಿಗೆ ಮಾವಿನ ಹಣ್ಣಿನ ಲೆಕ್ಕಕ್ಕಿಂತ ಬೇಗ ಹಿಡಿಸತ್ತೆ.

ಪ್ರಶ್ನೆ: ಹೊನ್ನಾವರ ಕಡೆಯವರು ನಾವು, ಯಕ್ಷಗಾನ ಆಟ ಯೂಟ್ಯೂಬಲ್ಲಿ ಲೈವ್ ಮಾಡ್ತೀವಿ. ಸಭಾಭವನಕ್ಕೆ ಫೈಬರ್ ಇದೆ. ಟೆಸ್ಟಲ್ಲಿ ಅಪ್‌ಲೋಡ್ 18 ಬಂತು ಅಂತ ಧೈರ್ಯ ಮಾಡಿ ಲೈವನ್ನ 8 ಎಂಬಿಪಿಎಸ್‌ಗೆ ಇಟ್ವಿ. ಮೊದಲ ಅರ್ಧ ನಿಮಿಷ ಕನ್ನಡಿ ಹಾಗಿತ್ತು, ಆಮೇಲೆ ಒಡ್ಡೋಲಗದ ಹೊತ್ತಿಗೇ ಚಿತ್ರ ನಿಂತ್ಹೋಯ್ತು, ಚಂಡೆ ಕಡಿದು ಕಡಿದು ಕೇಳಿಸ್ತು. ಮುಂಬಯಿ, ದುಬೈಯಲ್ಲಿ ನೋಡ್ತಿದ್ದವರೆಲ್ಲ ಫೋನ್ ಮಾಡಿ ಬೈದ್ರು. 18 ಇರುವಾಗ 8 ಹೋಗಲ್ವಾ?

ಉತ್ತರ: ನಿಮ್ಮ ಕಾಗದ ಓದಿ ನಂಗೇ ಬೇಜಾರಾಯ್ತು, ಒಂದು ಆಟದ ಹಿಂದೆ ಎಷ್ಟು ಜನರ ಶ್ರಮ ಇರತ್ತೆ ಅನ್ನೋದು ಗೊತ್ತಿದೆ. ಬೂಸ್ಟ್ ಅನ್ನೋದು ನಿಜವಾಗಿ ಕೈ ಕೊಡೋದು ಇಲ್ಲೇ. ಲೈವ್ ಅಂದ್ರೆ ನಿಲ್ಲಿಸದೆ ಬಿಟ್ಟ ನಲ್ಲಿ, ಟಾಂಕಿ ತುಂಬೋಕೆ ಒಂದು ಕ್ಷಣವೂ ಬಿಡುವಿಲ್ಲ. ನೀವು ಹೇಳಿದ ಆ ಅರ್ಧ ನಿಮಿಷದಿಂದ್ಲೇ ಹಿಂದೆ ಲೆಕ್ಕ ಹಾಕಬಹುದು. ಅಪ್‌ಲೋಡಿನ ಮಾಮೂಲಿ ಮಿತಿ 5 ಇಟ್ಟು, ಗಡಿ 4, ಸಮಯ 60 ಸೆಕೆಂಡ್ ಅಂತ ಇದ್ರೆ, 8ರಲ್ಲಿ ಕಳಿಸ್ತಾ ಹೋದಾಗ ಸರಿಯಾಗಿ 30 ಸೆಕೆಂಡಿಗೆ ಸರಾಸರಿ 4 ಮುಟ್ಟತ್ತೆ, ಅಲ್ಲಿಂದ ಮಿತಿ 5ಕ್ಕೆ ಇಳಿಯತ್ತೆ. ಕಳಿಸ್ಬೇಕಾಗಿದ್ದು 8, ಹೋಗ್ತಿರೋದು 5, ಉಳಿದಿದ್ದು ರಾಶಿ ಬಿದ್ದು ಚಿತ್ರ ನಿಲ್ಲತ್ತೆ.

ಮುಂದಿನ ಆಟಕ್ಕೆ ಹೀಗೆ ಮಾಡಿ. ಮೊದ್ಲು ಆಪರೇಟರ್‌ಗೆ ಒಂದೇ ಮಾತು ಕೇಳಿ, ಅಪ್‌ಲೋಡ್ ಗಂಟೆಗಟ್ಲೆ ನಿಂತು ಸಿಗೋದು ಎಷ್ಟು ಅಂತ. ಹಿಂದಿನ ದಿನವೇ ಅದೇ ಜಾಗದಿಂದ ಯಾರಿಗೂ ಕಾಣದ ಹಾಗೆ ಪ್ರೈವೇಟ್ ಲೈವ್ ಇಟ್ಟು ಅರ್ಧ ಗಂಟೆ ಓಡಿಸಿ ನೋಡಿ, ಸ್ಪೀಡ್ ಟೆಸ್ಟಿಗೆ ಹೋಗ್ಲೇಬೇಡಿ. ಸಿಗೋದು 5 ಅಂದ್ರೆ ಲೈವನ್ನ ಮೂರೂವರೆಗೆ ಇಡಿ, ಚಿತ್ರದ ಗುಣಮಟ್ಟ 720ಕ್ಕೆ ಇಟ್ರೂ ವೇಷ, ಕುಣಿತ ಎಲ್ಲ ಚೆನ್ನಾಗೇ ಕಾಣತ್ತೆ, ನಿಂತ್ಹೋಗೋ 1080ಕ್ಕಿಂತ ನಿಲ್ಲದ 720 ಎಷ್ಟೋ ವಾಸಿ. ರೂಟರಿಂದ ಲ್ಯಾಪ್‌ಟಾಪಿಗೆ ವಯರ್ರೇ ಎಳೀರಿ. ಆ ಹೊತ್ತಿಗೆ ಅದೇ ವೈಫೈ ಪಾಸ್‌ವರ್ಡ್ ಪ್ರೇಕ್ಷಕರಿಗೆಲ್ಲ ಕೊಡ್ಬೇಡಿ, ಅವರ ಫೋನಿನ ಫೋಟೋ ಬ್ಯಾಕಪ್ ಇದೇ ನಲ್ಲಿಯಿಂದ್ಲೇ ಹೋಗೋದು. ಆಪರೇಟರ್ ಪರಿಚಯದವರಾದ್ರೆ ಆ ಒಂದು ರಾತ್ರಿಗೆ ನಿಮ್ಮ ಅಪ್‌ಲೋಡ್ ಮಿತಿಯನ್ನೇ 10ಕ್ಕೆ ಏರಿಸಿ ಕೊಡಿ ಅಂತ ಕೇಳಿ, ಅವರಿಗೆ ಅದು ಎರಡು ನಿಮಿಷದ ಕೆಲಸ, ಆಟದ ವಿಷಯ ಅಂದ್ರೆ ನಮ್ಮ ಕಡೆ ಯಾರೂ ಇಲ್ಲ ಅನ್ನಲ್ಲ.

ಪ್ರಶ್ನೆ: ಕಾರವಾರದಲ್ಲಿ ಡಿಗ್ರಿ ಓದ್ತಿದ್ದೀನಿ. ನಮ್ಮನೆ ಲೈನಲ್ಲೂ ಮೊದಲ 16 ಸೆಕೆಂಡ್ ಹತ್ತಿರ ಡಬಲ್ ಸ್ಪೀಡ್ ಬರತ್ತೆ. ಡೌನ್‌ಲೋಡ್ ಮಧ್ಯೆ ಮಧ್ಯೆ ನಿಲ್ಲಿಸಿ ಮತ್ತೆ ಶುರು ಮಾಡಿದ್ರೆ ಬೂಸ್ಟ್ ಮತ್ತೆ ಮತ್ತೆ ಸಿಗತ್ತಲ್ವಾ? ಡೌನ್‌ಲೋಡ್ ಮ್ಯಾನೇಜರ್ ಹಾಕಿ ಫೈಲನ್ನ ಎಂಟು ತುಂಡು ಮಾಡಿದ್ರೆ ಎಂಟು ಬೂಸ್ಟ್ ಬರತ್ತಾ?

ಉತ್ತರ: ತಲೆ ಓಡಿಸಿದ್ದೀಯ ತಮ್ಮಾ, ಲೆಕ್ಕ ಹಾಕಿ ನೋಡೋಣ. ಎಂಟು ತುಂಡಿನದು ಆಗಲ್ಲ, ಲೆಕ್ಕ ಇಡೋದು ನಿಮ್ಮನೆ ಕನೆಕ್ಷನ್ ಮೇಲೆ, ಫೈಲ್ ಮೇಲಲ್ಲ, ಒಂದೇ ಟಾಂಕಿಗೆ ಎಂಟು ನಲ್ಲಿ ಇಟ್ಟ ಹಾಗೆ. ನಿಲ್ಲಿಸಿ ಶುರು ಮಾಡೋ ಉಪಾಯದಲ್ಲಿ ಬೂಸ್ಟ್ ಮತ್ತೆ ಬರೋದು ಖರೆ, ಆದ್ರೆ ಮೇಲೆ ಶಿರಸಿಯವರಿಗೆ ಹೇಳಿದ ನಂಬರ್ರೇ ತಗೋ: 16 ಸೆಕೆಂಡ್ 100ರಲ್ಲಿ ಎಳೆದು, ಆ ಬಳಕೆ 40 ಸೆಕೆಂಡಿನ ಲೆಕ್ಕದಿಂದ ಹೊರಗೆ ಜಾರೋಕೆ 24 ಸೆಕೆಂಡ್ ಸುಮ್ನೆ ಕೂತೆ ಅಂದ್ಕೋ, 40 ಸೆಕೆಂಡಲ್ಲಿ ನಿನಗೆ ಸಿಕ್ಕಿದ್ದು 200 ಎಂಬಿ. ಏನೂ ಮಾಡದೆ 50ರಲ್ಲಿ ಓಡೋಕೆ ಬಿಟ್ಟಿದ್ರೆ ಅದೇ 40 ಸೆಕೆಂಡಲ್ಲಿ 250 ಎಂಬಿ. ಗಡಿಯನ್ನ ಮಾಮೂಲಿ ಮಿತಿಗಿಂತ ಕೆಳಗೆ ಇಟ್ಟಿರೋದೇ ಇದಕ್ಕೆ. ರಾತ್ರಿ ಡೌನ್‌ಲೋಡ್ ಹಚ್ಚಿ ಮಲ್ಕೋ, ಬೆಳಿಗ್ಗೆ ಇರತ್ತೆ.

ಪ್ರಶ್ನೆ: ಕಾರವಾರ ಕೋಡಿಬಾಗದಿಂದ. ಹಗಲಲ್ಲಿ ಬೂಸ್ಟೂ ಬರತ್ತೆ, ಸ್ಪೀಡೂ ಬರತ್ತೆ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬೂಸ್ಟ್ ಬಿಡಿ, ಪ್ಲಾನಿನ ಸ್ಪೀಡೇ ಬರಲ್ಲ. ಬೇಕಂತ ಕಮ್ಮಿ ಮಾಡ್ತಾರಾ?

ಉತ್ತರ: ಬೇಕಂತ ಅಲ್ಲ, ಜಾಗ ಸಾಲೋದಿಲ್ಲ. ನಿಮ್ಮ ಓಣಿಗೆ ಬರೋದು ಒಂದು ಫೈಬರ್ ಎಳೆ, ಕಂಬದ ಮೇಲಿನ ಡಬ್ಬಿಯಲ್ಲಿ ಸ್ಪ್ಲಿಟರ್ ಹಾಕಿ ಅದನ್ನೇ 32 ಅಥವಾ 64 ಮನೆಗೆ ಹಂಚಿರ್ತಾರೆ. ಜಿಪಾನ್ ಅನ್ನೋ ಈ ತಂತ್ರದಲ್ಲಿ ಆ ಎಳೆಯ ಒಟ್ಟು ತಾಕತ್ತು ಕೆಳಮುಖವಾಗಿ ಸುಮಾರು 2.5 ಜಿಬಿಪಿಎಸ್, ಮೇಲ್ಮುಖವಾಗಿ ಅದ್ರ ಅರ್ಧ. 64 ಮನೆಗೂ 100ರ ಪ್ಲಾನ್ ಇದ್ದು ಎಲ್ರೂ ಒಂದೇ ಸಲ ಪೂರ್ತಿ ಎಳೆದ್ರೆ ತಲೆಗೆ ಸಿಗೋದು 39ರ ಹತ್ತಿರ. ಎಲ್ರೂ ಒಂದೇ ಕ್ಷಣಕ್ಕೆ ಎಳೆಯಲ್ಲ ಅನ್ನೋ ನಂಬಿಕೆ ಮೇಲೇ ಈ ವ್ಯವಹಾರ ನಿಂತಿರೋದು, ಹಗಲಲ್ಲಿ ಆ ಲೆಕ್ಕ ಸರಿಹೋಗತ್ತೆ. ಬೂಸ್ಟ್ ಅನ್ನೋದೂ ಆ ಖಾಲಿ ಉಳಿದ ಜಾಗವೇ, ಬೇರೆಯವರು ಬಳಸದೆ ಇದ್ದಾಗ ನಿಮಗೆ ಕೊಟ್ಟು ನಿಮ್ಮ ಕೆಲಸ ಬೇಗ ಮುಗಿಸಿ ಕಳಿಸೋದು. ಜಾತ್ರೆ ದಿನ ಬಸ್ಸಲ್ಲಿ ಎರಡು ಸೀಟು ಹಿಡ್ಕೊಂಡು ಕೂರೋಕೆ ಆಗತ್ತಾ, ಹಾಗೆ.

ಬೂಸ್ಟ್ ರಾತ್ರಿ ಬರದೆ ಇದ್ರೆ ಜಗಳ ಆಡೋ ಹಾಗಿಲ್ಲ. ದಿನಾ ರಾತ್ರಿ ಪ್ಲಾನಿನ ಸ್ಪೀಡೇ ಬರದೆ ಇದ್ರೆ ಮಾತ್ರ ಬಿಡ್ಬೇಡಿ. ಹೆಚ್ಚಿನ ಸಲ ತೊಂದರೆ ಓಣಿಯ ಫೈಬರಲ್ಲಿ ಇರಲ್ಲ, ಆಪರೇಟರ್ ಮೇಲಿನವರಿಂದ ಕೊಂಡಿರೋ ಬ್ಯಾಂಡ್‌ವಿಡ್ತ್ ಗಿರಾಕಿಗಳ ಸಂಖ್ಯೆಗೆ ಸಾಲ್ತಿರಲ್ಲ. ಯೂಟ್ಯೂಬ್ ಮಾತ್ರ ರಾತ್ರಿನೂ ಸರಿ ಓಡಿ ಬೇರೆ ಸೈಟೆಲ್ಲ ತೆವಳ್ತಿದ್ರೆ ಅದೇ ಕಾರಣ ಅಂತ ಅನುಮಾನ ಪಡಬಹುದು, ಯಾಕಂದ್ರೆ ಗೂಗಲ್, ನೆಟ್‌ಫ್ಲಿಕ್ಸ್ ಇವರು ಜನ ಜಾಸ್ತಿ ನೋಡೋ ವಿಡಿಯೋಗಳನ್ನ ಇಂಟರ್ನೆಟ್ ಕಂಪನಿಗಳ ಒಳಗೇ ಪೆಟ್ಟಿಗೆ ಇಟ್ಟು ಅಲ್ಲಿಂದ್ಲೇ ಕೊಡ್ತಾರೆ, ಆ ವಿಡಿಯೋಕ್ಕೆ ಹೊರಗಿನ ದಾರಿ ಬೇಕಾಗಲ್ಲ.

ಪ್ರಶ್ನೆ: ಯಲ್ಲಾಪುರ. ತಿಂಗಳ ಕೊನೇ ವಾರ ನಮ್ಮ ಸ್ಪೀಡ್ ಪೂರ್ತಿ ಬಿದ್ದುಹೋಗತ್ತೆ, ಒಂದನೇ ತಾರೀಕು ಮತ್ತೆ ಸರಿ. ಇದೂ ಬೂಸ್ಟ್ ಮುಗಿದಿದ್ದಾ?

ಉತ್ತರ: ಅಲ್ಲ, ಇದು ಎಫ್‌ಯುಪಿ, ಅಂದ್ರೆ ಫೇರ್ ಯೂಸೇಜ್ ಪಾಲಿಸಿ. ಅನ್‌ಲಿಮಿಟೆಡ್ ಅಂತ ಮಾರಿದ್ರೂ ತಿಂಗಳಿಗೆ ಇಷ್ಟು ಜಿಬಿ ಅಂತ ಒಂದು ಗೆರೆ ಇರತ್ತೆ, ಕೆಲವು ಪ್ಲಾನಲ್ಲಿ 3300 ಜಿಬಿ, ಅಗ್ಗದ್ದರಲ್ಲಿ ಕಮ್ಮಿ. ಅದು ದಾಟಿದ ಮೇಲೆ ತಿಂಗಳು ಮುಗಿಯೋವರೆಗೂ ನಿಧಾನ. ಬೂಸ್ಟ್ ಸೆಕೆಂಡಿನ ಲೆಕ್ಕ, ಎಫ್‌ಯುಪಿ ತಿಂಗಳ ಲೆಕ್ಕ. ಗೆರೆ ಎಷ್ಟು, ದಾಟಿದ ಮೇಲೆ ಸ್ಪೀಡ್ ಎಷ್ಟು ಅಂತ ಸ್ಪಷ್ಟ ಹೇಳ್ಬೇಕು ಅಂತ 2016ರಲ್ಲೇ ಟ್ರಾಯ್ (ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಆದೇಶ ಮಾಡಿದೆ, ಕೇಳಿ ತಿಳ್ಕೊಳ್ಳಿ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ 2004ರಲ್ಲಿ 256 ಕೆಬಿಪಿಎಸ್ ಸಾಕಿತ್ತು, ಆಮೇಲೆ 512 ಆಯ್ತು, 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರ್ಬೇಕು.

ಪ್ರಶ್ನೆ: ಸಿದ್ದಾಪುರ. ಫೋನಲ್ಲಿ ಇಂಟರ್ನೆಟ್ ಬೂಸ್ಟರ್ ಅಂತ ಆ್ಯಪ್ ಬರತ್ತಲ್ಲ, ಹಾಕಬಹುದಾ?

ಉತ್ತರ: ಬೇಡ. ಮಿತಿ ಇರೋದು ಆಪರೇಟರ್ ಮಷಿನಲ್ಲಿ, ನಿಮ್ಮ ಫೋನಿನ ಆ್ಯಪ್ ಅದನ್ನ ಮುಟ್ಟೋಕೂ ಆಗಲ್ಲ. ಇದ್ರೆ ಈಗ್ಲೇ ತೆಗೀರಿ.

ಪ್ರಶ್ನೆ: ಕುಮಟಾದಲ್ಲಿ ಹೊಸ ಮನೆ, ಹೊಸ ಕನೆಕ್ಷನ್ ತಗೋಬೇಕು. ಹಾಕೋಕೆ ಬಂದಾಗ ಬೂಸ್ಟಿನ ಸ್ಪೀಡ್ ತೋರಿಸಿ ಸಹಿ ಹಾಕಿಸ್ಕೊಂಡು ಹೋಗದ ಹಾಗೆ ನಾವು ಏನು ನೋಡ್ಬೇಕು?

ಉತ್ತರ: ಈ ಪ್ರಶ್ನೆಗೆ ಉತ್ತರ ಕೊಡೋ ಋಣ ನನ್ನ ಮೇಲಿದೆ. ಕೆಲವು ವರ್ಷ ನಾನು ಕರಾವಳಿಯ ಒಂದು ಊರಲ್ಲಿ ಕೇಬಲ್ ಆಪರೇಟರ್ ಹತ್ರ ಕೆಲಸಕ್ಕಿದ್ದೆ. ಎರಡನೇ ಮಾಳಿಗೆಯ ಸಣ್ಣ ರೂಮು, ಮಳೆಗಾಲದಲ್ಲಿ ಗೋಡೆ ಒದ್ದೆ ಆಗಿ ಮಷಿನ್ ಹಿಂದೆ ರಟ್ಟು ಇಟ್ಟಿದ್ವಿ. ಸ್ಕ್ರೀನ್ ಮೇಲೆ ಒಬ್ಬೊಬ್ಬ ಗಿರಾಕಿಗೂ ಒಂದು ಸಾಲು, ಮಿತಿಯ ಅರ್ಧದೊಳಗೆ ಬಳಸ್ತಿದ್ರೆ ಹಸಿರು, ಮುಕ್ಕಾಲಿನವರೆಗೆ ಹಳದಿ, ಅದು ದಾಟಿದ್ರೆ ಕೆಂಪು. ಸಂಜೆ ಆದ ಹಾಗೆ ಸಾಲು ಸಾಲು ಕೆಂಪಾಗೋದು ಕೂತು ನೋಡ್ತಿದ್ದೆ. ಅಲ್ಲಿ ಬೂಸ್ಟ್ ಸಮಯ ಇಟ್ಟಿದ್ದೇ ಸ್ಪೀಡ್ ಟೆಸ್ಟ್ ದಾಟೋಕೆ, ಟೆಸ್ಟ್ ಎಷ್ಟು ಸೆಕೆಂಡ್ ಓಡತ್ತೆ ನೋಡ್ಕೊಂಡು ಅದಕ್ಕಿಂತ ಸ್ವಲ್ಪ ಜಾಸ್ತಿ. 20ರ ಲೈನಿಗೆ 50 ಅಂತ ತೋರಿಸಿ 50ರ ದುಡ್ಡು ತಗೊಂಡ ಮನೆಗಳೂ ಇದ್ವು. ನಿವೃತ್ತ ಮಾಸ್ತರರೊಬ್ಬರು ಮೂರು ಸಲ ಮಾಳಿಗೆ ಹತ್ತಿ ಬಂದು, ಟೆಸ್ಟಲ್ಲಿ ಸರಿ ಇದೆ ಆದ್ರೆ ಮೊಮ್ಮಗಳ ಕ್ಲಾಸು ನಿಲ್ಲತ್ತೆ, ನಮ್ಮ ಮೊಬೈಲೇ ಹಾಳಾಗಿದ್ಯೋ ಏನೋ ಅಂತ ಕೇಳಿದ್ರು. ನಂಗೆ ಗೊತ್ತಿತ್ತು, ಸ್ಕ್ರೀನಲ್ಲಿ ಅವರ ಸಾಲು ಕೆಂಪು ಕಾಣ್ತಿತ್ತು, ಹೇಳಲಿಲ್ಲ. ಅವರು ಹೊಸ ಮೊಬೈಲ್ ತಗೊಂಡ್ರು. ಅದಾಗಿ ಒಂದು ತಿಂಗಳಿಗೆ ಕೆಲಸ ಬಿಟ್ಟೆ, ಆದ್ರೆ ಆ ಮಾಸ್ತರರ ಮುಖ ಇವತ್ತಿಗೂ ಮರೆಯೋಕೆ ಆಗಿಲ್ಲ.

ಅದಕ್ಕೇ ಕೇಳಿ. ಹಾಕೋಕೆ ಬಂದವರು ಟೆಸ್ಟ್ ತೋರಿಸಿದ್ರೆ ನೋಡಿ, ಸಹಿ ಹಾಕೋಕೆ ಮೊದ್ಲು ಹತ್ತು ನಿಮಿಷ ಕೂರಿಸಿ ಚಾ ಕೊಡಿ. ಲ್ಯಾಪ್‌ಟಾಪ್ ಇದ್ರೆ ವಯರಲ್ಲಿ ರೂಟರಿಗೆ ಹಚ್ಚಿ, ವೈಫೈಯಲ್ಲಿ ಬೇಡ, ನಮ್ಮ ಚಿರೆಕಲ್ಲಿನ ಗೋಡೆ ಎರಡು ದಾಟೋದ್ರೊಳಗೆ ವೈಫೈ ಅರ್ಧ ಸತ್ತಿರತ್ತೆ, ಆಮೇಲೆ ತಪ್ಪು ಯಾರದ್ದು ಅಂತ ಗೊತ್ತಾಗಲ್ಲ. ಉಬುಂಟು (ಕಂಪ್ಯೂಟರಿಗೆ ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಮ್) ಥರದ್ದು ಯಾವ್ದಾದ್ರೂ ಐದಾರು ಜಿಬಿಯ ದೊಡ್ಡ ಫೈಲ್ ಇಳಿಸೋಕೆ ಹಚ್ಚಿ, ಮೊದಲ ಒಂದು ನಿಮಿಷ ನೋಡ್ಲೇಬೇಡಿ, ಎರಡನೇ ನಿಮಿಷದಿಂದ ಐದನೇ ನಿಮಿಷದವರೆಗೆ ಏನು ಬರತ್ತೋ ಅದನ್ನ ಬರ್ಕೊಳ್ಳಿ. ಮೆಗಾಬೈಟಲ್ಲಿ ತೋರಿಸಿದ್ರೆ 8ರಿಂದ ಗುಣಿಸಿ. ಅದು ನಿಮ್ಮ ನಿಜವಾದ ಸ್ಪೀಡು. ಲ್ಯಾಪ್‌ಟಾಪ್ ಇಲ್ದೆ ಇದ್ರೆ ರೂಟರ್ ಪಕ್ಕದಲ್ಲೇ ನಿಂತು ಫೋನಲ್ಲಿ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ತೆಗೆದು, ಸೆಟ್ಟಿಂಗ್ಸಲ್ಲಿ ಟೆಸ್ಟ್ ಓಡೋ ಸಮಯ ಹೆಚ್ಚು ಮಾಡಿ, ಒಂದು ನಿಮಿಷ ಮೀರಿ ಓಡಿದ್ರೆ ಬೂಸ್ಟ್ ಬಯಲಾಗತ್ತೆ. ಒಂದು ದಿನ ರಾತ್ರಿ ಒಂಬತ್ತು ಗಂಟೆಗೂ ಇದನ್ನೇ ಮಾಡಿ. ನಿಮ್ಮ ಪ್ಲಾನ್ 100ಕ್ಕಿಂತ ಮೇಲಿನದಾಗಿದ್ದು ಎಷ್ಟು ಸಲ ನೋಡಿದ್ರೂ 94, 95ಕ್ಕೇ ನಿಲ್ತಿದ್ರೆ ಬೂಸ್ಟ್ ಹುಡುಕ್ಬೇಡಿ, ಕೊಟ್ಟಿರೋ ರೂಟರಿನ ಪೋರ್ಟೇ 100ರದ್ದು, ಗಿಗಾಬಿಟ್ ಇರೋದು ಕೊಡಿ ಅನ್ನಿ.

ಕಮ್ಮಿ ಬಂದ್ರೆ ಬಾಯಲ್ಲಿ ಜಗಳ ಬೇಡ. ಕಂಪನಿಯ ದೂರು ನಂಬರಿಗೆ ಹೇಳಿ ಡಾಕೆಟ್ ನಂಬರ್, ಅಂದ್ರೆ ದೂರು ದಾಖಲಾದ ಸಂಖ್ಯೆ, ತಗೊಳ್ಳಿ, ಟ್ರಾಯ್‌ನ 2012ರ ನಿಯಮದಲ್ಲಿ ಅದು ಕೊಡ್ಲೇಬೇಕು ಅಂತಿದೆ. ಬಗೆಹರಿಯದೆ ಇದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ದುಡ್ಡಿಲ್ಲ. ಟ್ರಾಯ್‌ಗೇ ನೇರ ಬರೆದ್ರೆ ಒಬ್ಬೊಬ್ಬರ ದೂರು ಅವರು ವಿಚಾರಣೆ ಮಾಡಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಟೆಲಿಕಾಂ ಸೇವೆ ಅಂತ ಹೆಸರು ಹಾಕೇ ಸೇರಿಸಿದ್ದಾರೆ, ಹಾಗಾಗಿ ಕೊನೆಗೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ಇದೆ. ಎಲ್ಲೇ ಹೋದ್ರೂ ತಾರೀಕು, ಗಂಟೆ, ಐದು ನಿಮಿಷದ ಸರಾಸರಿ ಬರೆದಿಟ್ಟ ಒಂದು ಹಾಳೆ ನಿಮ್ಮ ಕೈಲಿರ್ಲಿ.

ಪ್ರಶ್ನೆ: ನಾನು ಭಟ್ಕಳ ತಾಲೂಕಿನ ಸಣ್ಣ ಆಪರೇಟರ್, ಮುನ್ನೂರು ಚಿಲ್ಲರೆ ಮನೆ. ನಾನೂ ಬೂಸ್ಟ್ ಇಟ್ಟಿದ್ದೀನಿ, ಸುಳ್ಳು ಹೇಳೋಕಲ್ಲ, ಜನರಿಗೆ ಪೇಜು ಬೇಗ ತೆರೀಲಿ ಅಂತ. ನಾನು ಮಾಡ್ತಿರೋದು ತಪ್ಪಾ? ತೆಗೆದುಬಿಡ್ಲಾ?

ಉತ್ತರ: ತೆಗೀಬೇಡಿ. ಖಾಲಿ ಇರೋ ಜಾಗ ವ್ಯರ್ಥ ಮಾಡೋದಕ್ಕಿಂತ ಗಿರಾಕಿಗೆ ಕೊಡೋದು ಒಳ್ಳೇದು, ನಿಮಗೂ ಒಳ್ಳೇದು, ಹತ್ತು ಸೆಕೆಂಡಿನ ಕೆಲಸ ಐದರಲ್ಲಿ ಮುಗಿಸ್ಕೊಂಡು ಅವರು ಲೈನ್ ಬಿಡ್ತಾರೆ. ನಿಮ್ಮ ಥರ ಮನಸ್ಸಿರೋ ಆಪರೇಟರ್ ಇದ್ರೆ ಆ ಊರಿನವರು ಪುಣ್ಯವಂತರು. ಒಂದೆರಡು ಮಾತು ಮಾತ್ರ ಸೇರಿಸ್ತೀನಿ. ಗಡಿಯನ್ನ ಮಾಮೂಲಿ ಮಿತಿಗಿಂತ ಕೆಳಗೇ ಇಡಿ, ಮೇಲೆ ಇಟ್ರೆ ಬೂಸ್ಟ್ ನಿಂತು ನಿಂತು ಮತ್ತೆ ಹತ್ತಿ ಸ್ಪೀಡ್ ಏರಿಳಿತಾ ಇರತ್ತೆ, ಗಿರಾಕಿ ಲೈನ್ ಕೆಟ್ಟಿದೆ ಅಂತ ಫೋನ್ ಮಾಡ್ತಾರೆ. ಮುನ್ನೂರು ಮನೆಯೂ ಒಂದೇ ಸಲ ಬೂಸ್ಟಿಗೆ ಬಂದ್ರೆ ನೀವು ಮೇಲಿಂದ ಕೊಂಡ ಬ್ಯಾಂಡ್‌ವಿಡ್ತ್ ತಡೆಯತ್ತಾ ಅಂತ ರಾತ್ರಿ ಒಂಬತ್ತರ ಗ್ರಾಫ್ ನೋಡ್ಕೊಳ್ಳಿ, ತಡೆಯಲ್ಲ ಅಂದ್ರೆ ಆ ಮೂರು ಗಂಟೆ ಬೂಸ್ಟ್ ಬಂದ್ ಇಡಿ, ಪ್ಲಾನಿನ ಸ್ಪೀಡ್ ಎಲ್ರಿಗೂ ಸಿಗೋದು ಮುಖ್ಯ.

ಇನ್ನು ದರಪಟ್ಟಿ. ಈಗ ನಿಮ್ಮ ಪಟ್ಟಿಯಲ್ಲಿ ಬರೀ 50 ಅಂತಿದ್ರೆ ಅದ್ರ ಪಕ್ಕ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೀರಿ: ನಿರಂತರ 50, ಶುರುವಿನ 16 ಸೆಕೆಂಡ್ 100ರವರೆಗೆ, ಅಪ್‌ಲೋಡ್ ನಿರಂತರ ಎಷ್ಟು, ಶುರುವಲ್ಲಿ ಎಷ್ಟು. ಹೊಸ ಕನೆಕ್ಷನ್ ಕೊಡುವಾಗ ಆ ಮನೆಯ ಬೂಸ್ಟ್ ಮೊದ್ಲು ಆಫ್ ಮಾಡಿ ಟೆಸ್ಟ್ ತೋರಿಸಿ, ಆ ನಂಬರಿಗೆ ಸಹಿ ತಗೊಳ್ಳಿ, ಆಮೇಲೆ ಅವರೆದುರೇ ಬೂಸ್ಟ್ ಆನ್ ಮಾಡಿ ಇನ್ನೊಂದು ಸಲ ತೋರಿಸಿ.